ನೂರಾ ಹತ್ತರ ಆಳ

ಪೂರ್ಣಿಮಾಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನೀವೇ ಕಂಡುಹಿಡಿದವರ ಹಾಗೆ ನನ್ನ ಮುಖ ನೋಡುವುದು ಬೇಡ.

ನಾವಿಬ್ಬರೂ ಕಾರವಾರದಲ್ಲಿ, ಕಡಲಜೀವಿಗಳ ಒಂದು ಸಣ್ಣ ಸಂಶೋಧನಾ ಕೇಂದ್ರದಲ್ಲಿ, ಮಂದಾಕಿನಿ ಮೇಡಂ ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆವು. ಕೆಲಸಕ್ಕೆ ಇಬ್ಬರಿಗೂ ಒಂದೇ ಕೋಣೆ. ನಾನು ವಿಜೇತಾ, ಅಂಕೋಲೆಯವಳು. ಗದ್ದೆ ಮಾಡಿಕೊಂಡು ಬಂದ ಮನೆತನ. ಅಪ್ಪ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ನೌಕರ. ಪೂರ್ಣಿಮಾ ದೇವಬಾಗದ ಮೀನುಗಾರರ ಮಗಳು. ಅವಳ ಅಪ್ಪ ನಾಗು, ಬೈತಖೋಲ ಬಂದರಿನಿಂದ ಹೊರಡುವ ಒಂದು ಟ್ರಾಲರ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಬೋಟು ಬೇರೆಯವರದ್ದಾದರೂ ಕಡಲು ಮಾತ್ರ ತನ್ನದೇ ಎನ್ನುವ ಹಾಗೆ ಮಾತಾಡುವ ಮನುಷ್ಯ.

ನಮ್ಮಿಬ್ಬರ ವಿಷಯವೂ ಒಂದೇ, ಹೈಡ್ರಾಯ್ಡ್. ಹಾಗೆಂದರೆ ಏನು ಎಂದು ಮನೆಗೆ ಬಂದ ನೆಂಟರೆಲ್ಲ ಕೇಳುತ್ತಿದ್ದರು. ನೋಡಲಿಕ್ಕೆ ಗಿಡ, ಅಸಲಿಗೆ ಪ್ರಾಣಿ. ಜೆಲ್ಲಿ ಮೀನಿನ ದಾಯಾದಿ. ಬಂಡೆಗೋ ಹಗ್ಗಕ್ಕೋ ಕಚ್ಚಿಕೊಂಡು, ಕಡ್ಡಿಯಂಥ ಮೈಯ ತುದಿಯಲ್ಲಿ ಬಾಯಿ ಇಟ್ಟುಕೊಂಡು, ಬಾಯಿಯ ಸುತ್ತ ಎಳೆ ಎಳೆ ಕೈಗಳನ್ನು ಹರಡಿಕೊಂಡು, ನೀರಿನಲ್ಲಿ ತೇಲಿ ಬಂದದ್ದನ್ನು ಹಿಡಿದು ತಿನ್ನುವ ಜೀವ. "ಅದನ್ನ ತಿನ್ನೂಕೆ ಬರ್ತದಾ?" ಎಂದು ನೆಂಟರ ಮುಂದಿನ ಪ್ರಶ್ನೆ. ಬರುವುದಿಲ್ಲ ಎಂದರೆ, ಪಾಪ, ಹುಡುಗಿಯ ವಯಸ್ಸು ಹಾಳಾಯಿತು ಎನ್ನುವ ಮುಖ ಮಾಡಿ ಅಮ್ಮನ ಕಡೆ ತಿರುಗುತ್ತಿದ್ದರು.

ನಾಲ್ಕು ವರ್ಷ ನಾನು ಕಾರವಾರದ ಕೊಲ್ಲಿಯಲ್ಲಿ ಮರದ ಹಲಗೆ ನೇತು ಹಾಕಿದ್ದೇನೆ. ತಿಂಗಳಿಗೊಮ್ಮೆ ಮೇಲೆತ್ತಿ ಅದರ ಮೇಲೆ ಏನೇನು ಬೆಳೆದಿದೆ ಎಂದು ಎಣಿಸಬೇಕು. ಚಿಪ್ಪು ತಾಗಿ ಬೆರಳೆಲ್ಲ ಗಾಯ. ಹಗ್ಗ ಚೆನ್ನಾಗಿದ್ದರೆ ಯಾರಾದರೂ ಬಿಚ್ಚಿಕೊಂಡು ಹೋಗುತ್ತಿದ್ದರು, ಹಲಗೆ ಸಮುದ್ರದ ಪಾಲು. ಹೀಗೆ ಅರವತ್ತು ಹಲಗೆ ಎತ್ತಿ ನಾನು ಪಟ್ಟಿ ಮಾಡಿದ್ದು ಹನ್ನೊಂದು ಜಾತಿಯ ಹೈಡ್ರಾಯ್ಡ್. ಹನ್ನೊಂದೂ ನಮ್ಮಜ್ಜನ ಕಾಲಕ್ಕೇ ಜಗತ್ತಿಗೆ ಗೊತ್ತಿದ್ದವು.

ಪೂರ್ಣಿಮಾ ಬೆರಳು ಕೊಯ್ದುಕೊಳ್ಳಲಿಲ್ಲ. ನಾಗುವಿನ ಬೋಟಿನಲ್ಲಿ ಒಂದು ಪದ್ಧತಿ ಇತ್ತು. ಬಲೆ ಸುರಿದು ಮೀನು, ಸಿಗಡಿ ಆರಿಸಿದ ಮೇಲೆ ಉಳಿದ ಕಸದಲ್ಲಿ ಗುರುತು ಸಿಗದ ಏನಾದರೂ ಕಂಡರೆ ಖಲಾಸಿಗಳು ಅದನ್ನು ಕಡಲಿಗೆ ಎಸೆಯುವಂತಿಲ್ಲ. ಅಗಲ ಬಾಯಿಯ ಒಂದು ಉಪ್ಪಿನಕಾಯಿ ಬಾಟಲಿಗೆ ಹಾಕಬೇಕು. ಅದಕ್ಕೆ ಅವರೆಲ್ಲ "ಮಗಳ ಬಾಟ್ಲಿ" ಎನ್ನುತ್ತಿದ್ದರು. ಅದರಲ್ಲಿ ಫಾರ್ಮಲಿನ್ ಹೊಯ್ದು ಕೊಟ್ಟವಳು ಪೂರ್ಣಿಮಾ. ಹತ್ತು ಹದಿನೈದು ದಿನಕ್ಕೊಮ್ಮೆ ಬೋಟು ಬಂದಾಗ ಬಂದರಿಗೆ ಹೋಗಿ, ಬಾಟಲಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದಳು. ಆರು ಜನ ಗಂಡಸರು ಬಿಸಿಲಲ್ಲಿ ಬಗ್ಗಿ ಇವಳಿಗಾಗಿ ಕಸ ಹೆಕ್ಕುತ್ತಿದ್ದರು. ನನ್ನ ಅಪ್ಪ ಕದ್ರಾದಿಂದ ನನಗೆ ಏನಾದರೂ ತರುವುದಾದರೆ ಕರೆಂಟೇ ತರಬೇಕು.

೨೦೦೫ರ ಡಿಸೆಂಬರ್ ಮೊದಲ ವಾರ ಆ ಬಾಟಲಿಯಲ್ಲಿ ಅದು ಬಂತು.

ಗೇಣಿಗೆ ಸ್ವಲ್ಪ ಕಡಿಮೆ ಉದ್ದ. ನಾವು ನೋಡುವ ಹೈಡ್ರಾಯ್ಡ್‌ಗಳು ಹೆಚ್ಚಾಗಿ ಪೊದೆ ಪೊದೆಯಾಗಿ, ನೂರಾರು ಬಾಯಿಗಳ ಕೂಡು ಕುಟುಂಬವಾಗಿ ಇರುತ್ತವೆ. ಇದು ಒಂಟಿ. ಒಂದೇ ದಂಟು, ತುದಿಯಲ್ಲಿ ಒಂದೇ ತಲೆ, ಬಾಗಿದ ಹೂವಿನ ಹಾಗೆ. ಬುಡದಲ್ಲಿ ಬೇರಿನಂಥ ಎಳೆಗಳು, ಅದಕ್ಕೆ ಇನ್ನೂ ಬೂದು ಬಣ್ಣದ ಕೆಸರು ಅಂಟಿಕೊಂಡಿತ್ತು. ಅಂಥವು ಮೂರು ಇದ್ದವು, ಒಂದೊಂದನ್ನೂ ಬೇರೆ ಬೇರೆ ಬಾಟಲಿಗೆ ಹಾಕಿಟ್ಟೆವು. ಬಲೆಯಿಂದ ಬಿದ್ದಾಗ ತಿಳಿ ಗುಲಾಬಿ ಬಣ್ಣ ಇತ್ತಂತೆ, ಫಾರ್ಮಲಿನ್ನಿನಲ್ಲಿ ಬಿಳಚಿಕೊಂಡಿದ್ದವು.

ಮಂದಾಕಿನಿ ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಅರ್ಧ ಗಂಟೆ ಕೂತರು. ಪಕ್ಕದಲ್ಲಿಟ್ಟ ಚಹಾ ಕೆನೆಗಟ್ಟಿತು. ಆಮೇಲೆ ಎದ್ದು ಗೋಡೆಯ ಮೇಲಿದ್ದ ಜಗತ್ತಿನ ನಕಾಶೆಯ ಹತ್ತಿರ ಹೋದರು. ಯಾವ ಜಾತಿ ಯಾವ ಕಡಲಲ್ಲಿ ಸಿಕ್ಕಿದೆ ಎಂದು ಅವರು ಅದರ ಮೇಲೆ ಬಣ್ಣದ ಚುಕ್ಕೆ ಇಡುತ್ತಿದ್ದರು.

"ಇದು ತಣ್ಣೀರಿನ ಪ್ರಾಣಿ ಪೂರ್ಣಿಮಾ. ಇದರ ಚುಕ್ಕೆಗಳು ಎಲ್ಲಿವೆ ನೋಡು. ನಾರ್ವೆ, ಗ್ರೀನ್‌ಲ್ಯಾಂಡು, ಆ ಕಡೆ ಅಲಾಸ್ಕಾ. ನಮ್ಮ ಕಡಲಲ್ಲಿ ಒಂದೂ ಇಲ್ಲ," ಎಂದರು. ಅವರ ಬೆರಳು ಇಳಿದು ಇಳಿದು ಕಾರವಾರದ ಎದುರಿನ ಖಾಲಿ ನೀಲಿಯ ಮೇಲೆ ನಿಂತಿತು. ನಾಲ್ಕು ವರ್ಷದಲ್ಲಿ ನನ್ನ ಸಲುವಾಗಿ ಆ ಬೆರಳು ಒಮ್ಮೆಯೂ ನಕಾಶೆ ಮುಟ್ಟಿರಲಿಲ್ಲ.

ರೊಟ್ಟಿ ಜಾರಿ ತುಪ್ಪಕ್ಕೆ ಬಿತ್ತು ಎನ್ನುತ್ತಾರಲ್ಲ, ಪೂರ್ಣಿಮಾಳದ್ದು ಹಾಗೆ. ರೊಟ್ಟಿಯೂ ಅಪ್ಪನದು, ತುಪ್ಪವೂ ಅಪ್ಪನದು.

ಅಷ್ಟಕ್ಕೇ ನಿಂತಿದ್ದರೆ ನಾನು ಉರಿದುಕೊಂಡು ಸುಮ್ಮನಾಗುತ್ತಿದ್ದೆನೇನೋ. ಆದರೆ ಹಡಗಿನ ವಿಷಯ ಇತ್ತು. ಫೆಬ್ರವರಿಯಲ್ಲಿ ಗೋವಾದಿಂದ ಒಂದು ಸಂಶೋಧನಾ ಹಡಗು ಇಪ್ಪತ್ತು ದಿನದ ಯಾನಕ್ಕೆ ಹೊರಡುವುದಿತ್ತು. ನಮ್ಮ ಕೇಂದ್ರಕ್ಕೆ ಒಂದು ಜಾಗ. ಪೂರ್ಣಿಮಾಗಿಂತ ನಾನು ಒಂದು ವರ್ಷ ಹಿರಿಯಳು, ಆ ಜಾಗ ನನ್ನದೆಂದೇ ಎಲ್ಲರೂ ತಿಳಿದಿದ್ದರು. ಅಮ್ಮ ಅಂಕೋಲೆಯ ಮೀನುಪೇಟೆಯಲ್ಲೂ ಹೇಳಿಯಾಗಿತ್ತು. ಕೊಲ್ಲಿಯ ಹಲಗೆ ಬಿಟ್ಟು ನಿಜವಾದ ಕಡಲಿಗೆ ಇಳಿಯುವ ಒಂದೇ ದಾರಿ ಅದು. ನನಗೆ ಆ ಹಡಗು ಬೇಕಿತ್ತು, ಬೇರೆ ಏನೂ ಬೇಕಿರಲಿಲ್ಲ.

"ಹಡಗಿನ ಜಾಗದ ಬಗ್ಗೆ ಇನ್ನೊಮ್ಮೆ ಯೋಚಿಸಬೇಕು ವಿಜೇತಾ," ಎಂದರು ಮೇಡಂ. "ಇದು ನಿಜವಾದರೆ, ಅದೇ ಜಾಗಕ್ಕೆ ಹೋಗಿ ಬಲೆ ಇಳಿಸಬೇಕಾದವಳು ಪೂರ್ಣಿಮಾ."

ನಿಜವಾದರೆ. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಅನುಮಾನಕ್ಕೆ ಕಾರಣವೂ ಇತ್ತು. ಬಾಟಲಿಯ ಚೀಟಿಯಲ್ಲಿ ಪೂರ್ಣಿಮಾ ಆಳ ೧೧೦ ಮೀಟರ್ ಎಂದು ಬರೆದಿದ್ದಳು. ಮೇಡಂ ಕಡಲಿನ ಉಷ್ಣತೆಯ ಕೋಷ್ಟಕ ತೆಗೆದು ಬೆರಳಿಟ್ಟರು. ಈ ತಿಂಗಳಲ್ಲಿ ನಮ್ಮ ಕಡೆ ನೂರಾ ಹತ್ತು ಮೀಟರ್ ಆಳದಲ್ಲಿ ನೀರು ಇಪ್ಪತ್ತು ಡಿಗ್ರಿಗೂ ಮೇಲೇ ಇರುತ್ತದೆ. ಅಷ್ಟು ಬಿಸುಪಿನಲ್ಲಿ ಈ ಜಾತಿ ಬದುಕಿದ್ದು ಎಲ್ಲೂ ದಾಖಲಾಗಿಲ್ಲ.

"ಒಂದೋ ಇದು ಬೇರೆ ಜಾತಿ, ಇಲ್ಲವೋ ಆಳ ತಪ್ಪು," ಎಂದರು.

"ಆಳ ಸಮಾ ಇದೆ ಮೇಡಂ," ಎಂದಳು ಪೂರ್ಣಿಮಾ. "ಅಪ್ಪನ್ನ ಎರಡ್ ಸಲ ಕೇಳ್ದೆ. ನೂರಾ ಹತ್ತೇ ಅಂದ."

ಮೇಡಂ ನನ್ನ ಕಡೆ ತಿರುಗಿದರು. "ಅಂಗರಚನೆ ನೀನು ನೋಡು ವಿಜೇತಾ. ಕೊಯ್ಯುವುದರಲ್ಲಿ, ಚಿತ್ರ ಬರೆಯುವುದರಲ್ಲಿ ನಿನ್ನಷ್ಟು ಕೈ ಕೂತವರು ಇಲ್ಲಿಲ್ಲ. ಆಳ ಹೊಂದುತ್ತದೋ ಇಲ್ಲವೋ ಅದನ್ನೂ ಬರೆ. ಇಪ್ಪತ್ತನೇ ತಾರೀಕಿಗೆ ವರದಿ ಕೊಡು. ಅದನ್ನು ನೋಡಿಕೊಂಡು ಹಡಗಿಗೆ ಹೆಸರು ಕಳಿಸುತ್ತೇನೆ."

ಹಾಲಿಗೆ ಬೆಕ್ಕನ್ನು ಕಾವಲಿಟ್ಟ ಹಾಗಾಯಿತು. ಮೇಡಂ ಒಳ್ಳೆಯವರು, ಅವರಿಗೆ ಬೆಕ್ಕು ಕಾಣಲಿಲ್ಲ.

ನಾನು ಕೆಲಸಕ್ಕೆ ಕೂತದ್ದು ತಪ್ಪು ಹುಡುಕಲಿಕ್ಕೆ. ಆದರೂ ಕೆಲಸ ಕೆಟ್ಟದಾಗಿ ಮಾಡಲು ನನಗೆ ಬರುವುದಿಲ್ಲ. ಮೊದಲು ಬುಡ. ಬೇರಿನಂಥ ಎಳೆಗಳು ಕೆಸರಿಗೆ ಲಂಗರು ಹಾಕಿದ ಹಾಗಿದ್ದವು. ಬಂಡೆಯ ಜೀವಕ್ಕೆ ಅವು ಬೇಡ, ತಳದ ಮೆತ್ತನೆಯ ಕೆಸರಿನಲ್ಲಿ ನಿಲ್ಲುವುದಕ್ಕೇ ಬೇಕು. ದಂಟನ್ನು ಅಡ್ಡಕ್ಕೆ ತೆಳ್ಳಗೆ ಕೊಯ್ದು ಬಣ್ಣ ಹಾಕಿ ನೋಡಿದರೆ ಚರ್ಮದ ಒಳಮಗ್ಗುಲಲ್ಲಿ ಸಾಲಾಗಿ ಕೊಳವೆಗಳು, ನುಗ್ಗೆಕಾಯಿಯ ಗೆರೆಗಳಂತೆ ಉದ್ದಕ್ಕೆ ಹರಿದಿದ್ದವು. ತಲೆಯ ಬುಡದಲ್ಲಿ ಉದ್ದನೆಯ ಕೈಗಳ ಒಂದು ಸುತ್ತು, ಎಣಿಸಿದೆ, ಮೂವತ್ತೆರಡು. ಬಾಯಿಯ ಸುತ್ತ ಗಿಡ್ಡ ಕೈಗಳ ಇನ್ನೊಂದು ಗುಂಪು, ಅವನ್ನು ಎಣಿಸಲಿಕ್ಕೆ ಎರಡು ದಿನ ಹಿಡಿಯಿತು. ಇವೆರಡರ ನಡುವೆ ದ್ರಾಕ್ಷಿ ಗೊನೆಯಂತೆ ಜೋತುಬಿದ್ದ ಮೊಗ್ಗುಗಳು.

ಎಲ್ಲ ಇದ್ದದ್ದು ಆ ಮೊಗ್ಗುಗಳಲ್ಲಿ. ಬೆಚ್ಚಗಿನ ಕಡಲಿನಲ್ಲಿರುವ ಇದರ ನೆಂಟರಲ್ಲಿ ಮೊಗ್ಗು ಬಲಿತ ಮೇಲೆ ಕಳಚಿಕೊಂಡು, ಪುಟ್ಟ ಜೆಲ್ಲಿ ಮೀನಾಗಿ ಈಜಿಕೊಂಡು ಹೊರಟುಹೋಗುತ್ತದೆ. ಮೊಟ್ಟೆ, ಸಂತಾನ ಎಲ್ಲ ಆಮೇಲೆ, ದೂರದಲ್ಲಿ. ತಣ್ಣೀರಿನ ಜಾತಿಯಲ್ಲಿ ಮೊಗ್ಗು ತಾಯಿಯನ್ನು ಬಿಡುವುದೇ ಇಲ್ಲ. ಅಲ್ಲೇ ಮೊಟ್ಟೆ ಬಲಿಯುತ್ತದೆ, ಅಲ್ಲೇ ಮರಿಯಾಗುತ್ತದೆ. ನಾನು ಮೇಣದಲ್ಲಿ ಕೂರಿಸಿ ಪೊರೆ ಪೊರೆಯಾಗಿ ಕೊಯ್ದೆ. ಹದಿಮೂರನೇ ತಾರೀಕು ಮಧ್ಯಾಹ್ನ ಸೂಕ್ಷ್ಮದರ್ಶಕದ ಕೆಳಗೆ ಮೊಗ್ಗಿನ ಒಳಗೇ ಬಲಿತ ಮೊಟ್ಟೆ ಕಂಡಿತು. ಈಜಲಿಕ್ಕೆ ಬೇಕಾದ ಒಂದು ಅಂಗವೂ ಇರಲಿಲ್ಲ.

ಅದು ತಣ್ಣೀರಿನದೇ. ಅನುಮಾನವೇ ಇಲ್ಲ. ಅರ್ಧ ನಿಮಿಷ ನನಗೆ ನಿಜವಾದ ಸಂತೋಷವಾಯಿತು. ಆಮೇಲೆ ಅದು ಯಾರ ಬಾಟಲಿಯಿಂದ ಬಂದದ್ದು ಎಂದು ನೆನಪಾಯಿತು.

"ಎಂತಾ ಕಾಣ್ತದೆ?" ಎಂದು ಪೂರ್ಣಿಮಾ ಕೋಣೆಯ ಆ ಕಡೆಯಿಂದ ಕೇಳಿದಳು.

"ಇನ್ನೂ ಎಂತದೂ ಗೊತ್ತಾಗ್ಲಿಲ್ಲ," ಎಂದೆ.

ಅಂಗರಚನೆ ಕೈಕೊಟ್ಟ ಮೇಲೆ ನನಗೆ ಉಳಿದದ್ದು ಆಳ ಒಂದೇ. ತಾಂಡೇಲ ಅಂದಾಜಿನ ಮೇಲೆ ಹೇಳಿರಬಹುದು. ಬೇರೆ ಬೋಟಿನವರು ಕೊಟ್ಟದ್ದನ್ನು ತನ್ನದೆಂದು ಹೇಳಿರಬಹುದು. ಅದನ್ನು ಅವನ ಬಾಯಿಂದಲೇ ಹೊರಡಿಸಬೇಕು ಎಂದುಕೊಂಡು ಹದಿನಾಲ್ಕನೇ ತಾರೀಕು ಬೈತಖೋಲಕ್ಕೆ ಹೋದೆ. ಪೂರ್ಣಿಮಾ ಅಂದು ಯಾವುದೋ ಪುಸ್ತಕ ನೋಡಲು ಗೋವಾಕ್ಕೆ ಹೋಗಿದ್ದಳು. ಅವಳಿಲ್ಲದ ದಿನ ನೋಡಿಯೇ ನಾನು ಹೋದದ್ದು.

ಬೋಟು ಬೆಳಿಗ್ಗೆಯಷ್ಟೇ ಬಂದಿತ್ತು. ಐಸು, ಡೀಸೆಲ್ ತುಂಬಿಕೊಂಡು ಸಂಜೆಗೆ ಮತ್ತೆ ಹೊರಡುವ ಅವಸರ. ನಾ​ಗು ಬೋಟು ಕಟ್ಟುವ ಧಕ್ಕೆಯ ಮೇಲೆ ಕಾಲು ಚಾಚಿ ಕೂತು, ಹರಿದ ಬಲೆಯನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಹೊಲಿಯುತ್ತಿದ್ದ.

"ಬಾ ತಂಗಿ. ನಮ್ ಪೂರ್ಣಿ ಗೆಳತಿ ಅಲ್ಲ ನೀನು? ಅವ್ಳು ಇವತ್ತು ಬರೂದಿಲ್ಲ ಅಂದಿದ್ಳು. ಬಾಟ್ಲಿ ತಕಂಡು ಹೋಗೂಕೆ ಬಂದ್ಯ?"

"ಅಲ್ಲ ಮಾಮ, ಒಂದು ಕೇಳೂದಿತ್ತು. ಆ ಗುಲಾಬಿ ಕಡ್ಡಿ ಸಿಕ್ತಲ್ಲ, ಅದು ಎಷ್ಟು ಆಳದಲ್ಲಿ?"

"ನೂರಾ ಹತ್ತು. ಮಗಳಿಗೆ ಹೇಳಿದ್ನಲ."

"ನೂರಾ ಹತ್ತು ಮೀಟರ್, ಅಲ್ಲ?"

ನಾಗು ಬಲೆ ಕೆಳಗಿಟ್ಟು ನಕ್ಕ. "ಮೀಟರು ಅರಿವೆ ಅಂಗಡಿಯವ್ರಿಗೆ ತಂಗಿ. ನಮ್ಮದು ಮಾರು." ಎರಡೂ ತೋಳು ಅಗಲಿಸಿ, ಈ ಬೆರಳ ತುದಿಯಿಂದ ಆ ಬೆರಳ ತುದಿಯವರೆಗೆ ಗದ್ದದಿಂದ ತೋರಿಸಿದ. "ಇದು ಒಂದು. ಇಂಥಾದ್ದು ನೂರಾ ಹತ್ತು. ಬೋಟಲ್ಲಿ ಆಳ ನೋಡೂ ಮಶೀನ್ ಬಂದದೆ, ಅದ್ರಲ್ಲೂ ನಾನು ಮಾರಿನ ಲೆಕ್ಕವೇ ಇಡ್ಸಿದ್ದೆ. ಮೀಟರ್ ಕಂಡ್ರೆ ನಂಗೆ ತಲೆಗೆ ಹೋಗೂದಿಲ್ಲ."

ನಾನು ಚೀಲದಲ್ಲಿ ಪೆನ್ನು ಹುಡುಕಿದೆ. ಅವನು ಮತ್ತೆ ಹೇಳಿದ, "ಅಷ್ಟ್ ಕೆಳಗೆ ನಾವು ಯಾವಾಗ್ಲೂ ಹೋಗೂದಿಲ್ಲ. ಆವತ್ತು ಮೇಲೆ ಮೀನೇ ಇರ್ಲಿಲ್ಲ, ಹೋದ್ವಿ. ಬಲೆ ಮೇಲೆ ಬಂದಾಗ ಸಿಗಡಿ ಮುಟ್ಟಿದ್ರೆ ಐಸಲ್ಲಿ ಇಟ್ಟಾಂಗೆ ಇತ್ತು. ಖಲಾಸಿ ಕೈ ಕೊಡವ್ಕಂಡ."

ಮಾರು ಎಂದರೆ ಆರು ಅಡಿ. ಬಂದರಿನ ಗೋಡೆಗೆ ಒರಗಿ ಬಸ್ ಟಿಕೇಟಿನ ಹಿಂದೆ ಲೆಕ್ಕ ಮಾಡಿದೆ. ಇನ್ನೂರು ಮೀಟರ್. ಅಲ್ಲಿ ನೀರು ಹದಿನೈದು ಡಿಗ್ರಿಯ ಆಸುಪಾಸು. ಆಳಕ್ಕೆ ಹೋದಷ್ಟೂ ನಮ್ಮ ಬೆಚ್ಚಗಿನ ಕಡಲೂ ತಣ್ಣಗಾಗುತ್ತ ಹೋಗುತ್ತದೆ. ಎಲ್ಲ ಕೂಡಿ ಬಂದಿತ್ತು.

ಪೂರ್ಣಿಮಾ ಎಲ್ಲಿ ತಪ್ಪಿದಳೆಂದು ನನಗೆ ಅಲ್ಲೇ ಅರ್ಥವಾಯಿತು. ಮೀನುಗಾರರ ಮನೆಯಲ್ಲಿ ಆಳಕ್ಕೆ ಬರೀ ಅಂಕಿ ಹೇಳುತ್ತಾರೆ. ಇಪ್ಪತ್ತಕ್ಕೆ ಹೋಗಿದ್ದೆವು, ನಲವತ್ತಕ್ಕೆ ಹೋಗಿದ್ದೆವು ಅಷ್ಟೇ. ಮಾರು ಎಂದು ಯಾರೂ ಸೇರಿಸುವುದಿಲ್ಲ, ಸೇರಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಅವಳು ಆ ಅಂಕಿಗಳನ್ನು ಕೇಳಿಕೊಂಡೇ ಬೆಳೆದಳು. ಕಾಲೇಜಿಗೆ ಬಂದ ಮೇಲೆ ಆಳವೆಂದರೆ ಮೀಟರ್. ಎರಡೂ ಅವಳ ತಲೆಯಲ್ಲಿ ಯಾವಾಗಲೋ ಒಂದಾಗಿಬಿಟ್ಟಿದ್ದವು. ಅಪ್ಪನನ್ನು ಎರಡು ಸಲವಲ್ಲ, ಇಪ್ಪತ್ತು ಸಲ ಕೇಳಿದ್ದರೂ ಅವನು ನೂರಾ ಹತ್ತು ಎನ್ನುತ್ತಿದ್ದ, ಇವಳು ಹೌದೆನ್ನುತ್ತಿದ್ದಳು. ಗದ್ದೆಯ ಮನೆಯ ನನಗೆ ಕಡಲಿನದೇನೂ ಗೊತ್ತಿಲ್ಲ, ಅದಕ್ಕೇ ಬಾಯಿಬಿಟ್ಟು ಕೇಳಿದೆ.

ಅಂಕೋಲೆಯ ಬಸ್ಸು ಹತ್ತಿದೆ. ಅರ್ಗಾ ಹತ್ತಿರ ನೌಕಾನೆಲೆಯ ಉದ್ದನೆಯ ಗೋಡೆಯ ಬದಿಯಲ್ಲಿ ಬಸ್ಸು ಓಡುತ್ತಿದ್ದಾಗ, ನಾಳೆ ಹೇಳಿದರಾಯಿತು ಎಂದುಕೊಂಡೆ. ಹಾಗೆಂದುಕೊಂಡ ಕೂಡಲೇ ನಾನು ಹೇಳುವುದಿಲ್ಲ ಎಂದು ನನಗೆ ಗೊತ್ತಾಯಿತು.

ಆರು ದಿನ ಇತ್ತು ನನ್ನ ಕೈಯಲ್ಲಿ. ದಿನಾ ಬೆಳಿಗ್ಗೆ ಅವಳು ನಗುತ್ತ ಬರುತ್ತಿದ್ದಳು, ದಿನಾ ಒಂದು ಕಾರಣ ಸಿಗುತ್ತಿತ್ತು. ಅವಳ ಲೆಕ್ಕದ ತಪ್ಪು ಅವಳೇ ಕಂಡುಕೊಳ್ಳಲಿ. ಸ್ವಂತ ಅಪ್ಪನ ಮಾತು ತಿಳಿಯದವಳಿಗೆ ನಾನೇಕೆ ದುಭಾಷಿ ಆಗಬೇಕು? ನನ್ನ ಹಲಗೆಯ ಹಗ್ಗ ಕದ್ದವರ ಹೆಸರನ್ನು ನನಗೆ ಯಾರಾದರೂ ಬಂದು ಹೇಳಿದ್ದುಂಟೇ? ಹೀಗೆ ನ್ಯಾಯವಾದ ಮಾತುಗಳೇ ಬರುತ್ತಿದ್ದವು. ಹದಿನೆಂಟನೇ ತಾರೀಕು ಅವಳು ಹತ್ತಿರ ಬಂದು ನಾನು ಬರೆಯುತ್ತಿದ್ದ ಚಿತ್ರ ನೋಡಿ, "ಎಷ್ಟ್ ಚಂದ ಬರ್ದಿದ್ಯೆ. ನಿನ್ನ ಕೈಗೆ ಬಂದದೆ ಅಂದ್ಮೇಲೆ ನಂಗೆ ಧೈರ್ಯ," ಎಂದಳು. ಅಂಥ ಮಾತು ಆಡಲಿಕ್ಕಾದರೂ ಒಂದು ನೆಮ್ಮದಿ ಬೇಕು. ಅಪ್ಪ, ಆರು ಖಲಾಸಿ, ಮೇಡಂ, ಈಗ ನಾನೂ, ಎಲ್ಲರೂ ತನಗೆ ಒಳ್ಳೆಯದನ್ನೇ ಮಾಡುತ್ತಾರೆ ಎನ್ನುವ ನೆಮ್ಮದಿ. ಅದನ್ನು ಕಂಡರೆ ನನ್ನ ಮೈಯೆಲ್ಲ ಉರಿಯುತ್ತಿತ್ತು.

ವರದಿ ಬರೆದೆ. ಅಂಗರಚನೆ ತಣ್ಣೀರಿನ ಜಾತಿಯನ್ನು ಹೋಲುತ್ತದೆ ಎಂದು ಬರೆದೆ. ದಾಖಲಾದ ಆಳ ೧೧೦ ಮೀಟರ್, ಅಲ್ಲಿನ ಉಷ್ಣತೆ ಈ ಜಾತಿಗೆ ಹೊಂದುವುದಿಲ್ಲ, ಆದ್ದರಿಂದ ಗುರುತನ್ನು ಸದ್ಯಕ್ಕೆ ಒಪ್ಪುವುದು ಕಷ್ಟ ಎಂದು ಬರೆದೆ. ಒಂದು ವಾಕ್ಯವೂ ಸುಳ್ಳಲ್ಲ. "ದಾಖಲಾದ" ಎನ್ನುವ ಪದ ಹುಡುಕಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಮೇಡಂ ಓದಿ ನಿಟ್ಟುಸಿರು ಬಿಟ್ಟರು. ಎರಡು ದಿನ ಬಿಟ್ಟು ನನ್ನ ಹೆಸರನ್ನು ಹಡಗಿಗೆ ಕಳಿಸಿದರು. ಪೂರ್ಣಿಮಾ ಅಳುತ್ತಾಳೆ ಎಂದು ನಾನು ಕಾದಿದ್ದೆ, ಕನಿಷ್ಠ ಜಗಳ ತೆಗೆಯುತ್ತಾಳೆ ಎಂದಾದರೂ. ಅವಳು ಮೂರೂ ಬಾಟಲಿಗಳನ್ನು ಕಪಾಟಿನ ಹಿಂದಿನ ಸಾಲಿಗೆ ಸರಿಸಿ, ಮುಖ ತೊಳೆದುಕೊಂಡು ಬಂದಳು.

"ಹಡಗಲ್ಲಿ ಹೊಟ್ಟೆ ತೊಳಸಿದ್ರೆ ಮುರುಗಲ ಹುಳಿ ಸಿಪ್ಪೆ ಬಾಯಲ್ಲಿ ಇಟ್ಕ," ಎಂದಳು. "ಕೆಳಗೆ ನೀರು ನೋಡ್ಬೇಡ. ದೂರ ನೋಡು. ಮೊದಲ್ನೇ ಎರಡು ದಿನ ಅಷ್ಟೇ ತ್ರಾಸು."

ಗೆದ್ದ ಮೇಲೆ ಹೊಟ್ಟೆಕಿಚ್ಚು ಆರುತ್ತದೆ ಎಂದು ನಾನು ನಂಬಿದ್ದೆ. ಯಾರು ಹೇಳಿದರೋ. ಹಡಗು ನನ್ನದಾದ ಮೇಲೂ, ಆ ಹಡಗಿನಲ್ಲಿ ವಾಂತಿ ಮಾಡದೆ ನಿಲ್ಲುವವಳು ಅವಳೇ ಎಂದು ಉರಿಯಿತು.

ಇಪ್ಪತ್ತೊಂಬತ್ತನೇ ತಾರೀಕು. ಮೇಡಂ ನಮ್ಮ ಕೋಣೆಗೆ ಬಂದು ಹಡಗಿನ ಸಾಮಾನಿನ ಪಟ್ಟಿ ನೋಡುತ್ತಿದ್ದರು. ಪೂರ್ಣಿಮಾ ಒಳಗೆ ಬಂದಳು, ಕೊಡೆ ಚೀಲ ಯಾವುದನ್ನೂ ಕೆಳಗಿಡಲಿಲ್ಲ.

"ಮೇಡಂ, ತಪ್ಪು ನನ್ದೇ. ಅಪ್ಪನ ಬೋಟು ನಿನ್ನೆ ಬಂತು, ಮನೇಲಿ ಮಾತಾಡ್ತಾ ಕೂತಿದ್ವಿ. ಅದು ನೂರಾ ಹತ್ತು ಮಾರಂತೆ ಮೇಡಂ. ಮೀಟರ್ ಅಲ್ಲ. ನಾನೇ ಮೀಟರ್ ಅಂತ ಬರ್ಕಂಡು ಬಿಟ್ಟೆ."

ಮೇಡಂ ಒಂದು ಕ್ಷಣ ಬಾಯಲ್ಲೇ ಲೆಕ್ಕ ಮಾಡಿದರು. "ಇನ್ನೂರು," ಎಂದರು. "ಇನ್ನೂರು ಮೀಟರ್. ಹಾಗಾದರೆ ಹೊಂದುತ್ತದೆ. ಎಲ್ಲ ಹೊಂದುತ್ತದೆ." ಅವರ ಮುಖ ಅರಳಿದ್ದನ್ನು ನಾನು ನೋಡಿದೆ.

ಪೂರ್ಣಿಮಾ ನಗುತ್ತ ನನ್ನ ಕಡೆ ತಿರುಗಿದಳು. "ಅಪ್ಪ ನಂಗೇ ಬೈದ. ನಿನ್ನ ಗೆಳತಿ ಬಂದಾಗ ಕೈ ಅಗಲ ಮಾಡಿ ತೋರ್ಸಿ ಕಳ್ಸಿದ್ದೆ, ಅವ್ಳು ನಿಂಗೆ ಹೇಳ್ಲಿಲ್ಲಾ ಅಂದ. ನೀ ಯಾವಾಗ..."

ಅಲ್ಲಿಗೆ ಅವಳ ಮಾತು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನನ್ನ ಕೈ ತಾನಾಗಿ ಹೋಗಿ ವರದಿಯ ಪ್ರತಿಯನ್ನು ಮುಚ್ಚಿಕೊಂಡಿತ್ತು. ಅವಳು ಆ ಕೈ ನೋಡಿದಳು, ನನ್ನ ಮುಖ ನೋಡಿದಳು. ನಗು ಮೆಲ್ಲಗೆ ಇಳಿಯಿತು. ಅವಳಿಗೆ ಪೂರ್ತಿ ಅರ್ಥವಾಯಿತು.

"ನೀನು ಯಾವಾಗ ಹೋಗಿದ್ದೆ ವಿಜೇತಾ ಬಂದರಿಗೆ?" ಎಂದು ಮೇಡಂ ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಪೂರ್ಣಿಮಾ ಹೇಳಿದಳು, "ನಿನ್ನೆ ಮೇಡಂ. ಬೋಟು ಬಂದ ಕೂಡ್ಲೇ ಹೋಗಿದ್ಳು. ನನ್ ಕೂಡೆ ಹೇಳೂಕೆ ಪುರಸೊತ್ತೇ ಸಿಕ್ಲಿಲ್ಲ ಅವ್ಳಿಗೆ. ಅಲ್ಲನೆ?"

ರೆಪ್ಪೆ ಬಡಿಯದೆ ಹೇಳಿದಳು. ಮುಳುಗುವವರಿಗೆ ಹಗ್ಗ ಎಸೆದ ಹಾಗೆ ಎಸೆದಳು. ನಾನು ಹೂಂ ಎಂದರೆ ಮುಗಿಯಿತು. ವರದಿ ಪ್ರಾಮಾಣಿಕ, ನಾನು ಶ್ರದ್ಧೆಯವಳು, ಆಳದ ತಪ್ಪನ್ನು ಪತ್ತೆ ಮಾಡಲು ಬಂದರಿನವರೆಗೂ ಹೋದವಳು. ಹೆಸರು ಕಳಿಸಿ ಆಗಿದೆ, ಹಡಗೂ ನನಗೇ ಉಳಿಯುತ್ತಿತ್ತೋ ಏನೋ. ಮೇಡಂ ಕಾಯುತ್ತಿದ್ದರು. ಪೂರ್ಣಿಮಾ ನನ್ನನ್ನೇ ನೋಡುತ್ತಿದ್ದಳು, ಹೂಂ ಅನ್ನು ಎನ್ನುವ ಹಾಗೆ.

ಆಗ ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಬಾಟಲಿ ಅವಳದು. ಹೂವು ಅವಳದು. ನಕಾಶೆಯ ಚುಕ್ಕೆ ಅವಳದು. ಈಗ ದೊಡ್ಡ ಮನಸ್ಸೂ ಅವಳದೇ ಆಗಬೇಕೇ? ನಾನು ಹಡಗು ಹತ್ತಿದರೆ ಅವಳು ಬಿಟ್ಟುಕೊಟ್ಟ ಹಡಗು ಹತ್ತಬೇಕು, ಇಳಿದ ಮೇಲೆ ಸಾಯುವವರೆಗೂ ಅವಳ ಋಣದಲ್ಲಿ ಇರಬೇಕು. ಅದನ್ನು ನನ್ನಿಂದ ನುಂಗಲಾಗಲಿಲ್ಲ.

"ಅಲ್ಲ ಮೇಡಂ," ಎಂದೆ. "ಹದಿನಾಲ್ಕನೇ ತಾರೀಕು ಹೋಗಿದ್ದೆ. ವರದಿಗಿಂತ ಆರು ದಿನ ಮೊದಲು. ಗೊತ್ತಿದ್ದೇ ಬರೆದೆ."

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಳ್ಳಲು ತುಂಬ ಹೊತ್ತು ಹಿಡಿಯಿತು. "ಚಿತ್ರಗಳು ಚೆನ್ನಾಗಿವೆ ವಿಜೇತಾ," ಎಂದರು. "ಹಡಗಿನವರಿಗೆ ಇವತ್ತೇ ಬೇರೆ ಹೆಸರು ಬರೆಯುತ್ತೇನೆ." ಸಾಮಾನಿನ ಪಟ್ಟಿಯನ್ನು ನನ್ನ ಮುಂದಿನಿಂದ ತೆಗೆದುಕೊಂಡು ಹೊರಗೆ ಹೋದರು.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಪೂರ್ಣಿಮಾ ಆಗಷ್ಟೇ ಚೀಲ ಕೆಳಗಿಟ್ಟಳು.

"ಎಂತಕ್ಕೆ ಹೇಳ್ದೆ?" ಎಂದಳು. "ನಾನು ಎಲ್ಲ ಸಮಾ ಮಾಡಿದ್ನಲ."

"ನೀನೇ ಒಳ್ಳೆಯವ್ಳಾಗೂದು ನೋಡೂಕೆ ಆಗ್ಲಿಲ್ಲ ನಂಗೆ," ಎಂದೆ. ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಆರು ದಿನ ನಾನು ಮುಚ್ಚಿಟ್ಟದ್ದಕ್ಕೆ ಅವಳು ಸಿಟ್ಟಾಗಿರಲಿಲ್ಲ. ಈಗ ಆದಳು. ಕಿವಿಯ ತುದಿ ಕೆಂಪಗಾಯಿತು.

"ಹಾಂಗಾರೆ ಈಗ ಹೇಳಿದ್ದೂ ನನ್ ಸಲುವಾಗಿ ಅಲ್ಲ."

"ಅಲ್ಲ," ಎಂದೆ.

ಪೂರ್ಣಿಮಾ ಕಪಾಟಿನ ಹಿಂದಿನ ಸಾಲಿನಿಂದ ತನ್ನ ಮೂರು ಬಾಟಲಿ ತೆಗೆದು ಪಕ್ಕದ ಖಾಲಿ ಕೋಣೆಗೆ ಒಯ್ದಿಟ್ಟಳು. ಮತ್ತೆ ಬಂದು ಪುಸ್ತಕ ಒಯ್ದಳು. ಮೂರನೆಯ ಸಲ ಬಂದು ತನ್ನ ಮೇಜನ್ನು ಎಳೆದಳು. ಹಳೆಯ ಸಾಗವಾನಿ ಮೇಜು, ಒಬ್ಬಳ ಕೈಲಿ ಅಲುಗಲಿಲ್ಲ. ಎರಡು ಸಲ ಎಳೆದು ನೋಡಿ ನಿಂತಳು.

"ಆ ಬದಿ ಹಿಡಿ," ಎಂದಳು, ನನ್ನ ಮುಖ ನೋಡದೆ.

ಹಿಡಿದೆ. ಇಬ್ಬರೂ ಸೇರಿ ಎತ್ತಿ, ಬಾಗಿಲಲ್ಲಿ ಓರೆ ಮಾಡಿ, ಅವಳ ಮೇಜನ್ನು ನನ್ನ ಕೋಣೆಯಿಂದ ಹೊರಗೆ ಸಾಗಿಸಿದೆವು.